ಕೋಳಿಯ ಕಾರ್ಪೆಟ್ ಏರಿಯಾ

ಮುಂಬಯಿಗೆ ವರ್ಗವಾಗಿ ಬಂದ ಹೊಸತು, 1989. ಥಾಣೆ ಪೂರ್ವದಲ್ಲಿ ಯಾರದೋ ಮನೆ ಹುಡುಕುತ್ತ ದಾರಿ ಕೇಳಿದರೆ ಒಬ್ಬರು ‘ಚೆಂದನಿ ಕೋಳಿವಾಡಾ ದಾಟಿ ಹೋಗಿ’ ಎಂದರು. ನನಗೆ ಎದೆ ತುಂಬಿ ಬಂತು. ಮನುಷ್ಯನಿಗೆ ಕಾಲೂರಲು ಜಾಗವಿಲ್ಲದ ಊರಿನಲ್ಲಿ ಕೋಳಿಗಳಿಗೆಂದೇ ಒಂದು ವಾಡೆ ಬಿಟ್ಟಿದ್ದಾರಲ್ಲ, ಎಂಥ ದೊಡ್ಡ ಮನಸ್ಸಿನ ಜನ! ಆ ರಾತ್ರಿಯೇ ಕುಂದಾಪುರದ ಅಮ್ಮನಿಗೆ ಇನ್‌ಲ್ಯಾಂಡ್ ಲೆಟರ್ ಬರೆದೆ. ವಾರ ಬಿಟ್ಟು ಉತ್ತರ ಬಂತು: ‘ಅಲ್ಲಿ ಹುಂಜಕ್ಕೆ ಎಷ್ಟು ರೇಟು, ವಿಚಾರಿಸು.’ ಕೋಳಿ ಎಂದರೆ ಇಲ್ಲಿ ಕಡಲಿಗೆ ಬಲೆ ಬೀಸುವ ಸಮಾಜ, ನಾವೆಲ್ಲ ಬರುವುದಕ್ಕೆ ಎಷ್ಟೋ ಮೊದಲಿನಿಂದ ಈ ನೆಲದಲ್ಲಿ ಇದ್ದವರು, ಅವರ ಕೇರಿಯೇ ಕೋಳಿವಾಡ ಎಂದು ನನಗೆ ತಿಳಿಯುವಾಗ ಮೂರು ತಿಂಗಳಾಗಿತ್ತು. ಅಷ್ಟರಲ್ಲಿ ಆಫೀಸಿನ ಮರಾಠಿ ಗೆಳೆಯರ ಮುಂದೆ ಈ ಊರಿನ ಪಕ್ಷಿಪ್ರೇಮವನ್ನು ನಾಲ್ಕಾರು ಸಲ ಹೊಗಳಿ ಆಗಿತ್ತು.

ಕೋಳಿಯ ವಿಷಯದಲ್ಲಿ ನನ್ನ ತಿಳಿವಳಿಕೆ ಅಂದು ಎಷ್ಟಿತ್ತೋ ಮೂವತ್ತೆರಡು ವರ್ಷಗಳ ನಂತರವೂ ಅಷ್ಟೇ ಇತ್ತು. ಆದರೆ ನಡುವೆ ರಿಟೈರ್ ಆಗಿದ್ದೆ. ರಿಟೈರ್ ಆದವನ ತಿಳಿವಳಿಕೆ ಹೆಚ್ಚುವುದಿಲ್ಲ, ಧೈರ್ಯ ಹೆಚ್ಚುತ್ತದೆ.

2021ರ ಅಕ್ಟೋಬರ್. ಡೊಂಬಿವಲಿ ಪೂರ್ವ, ಸ್ಟೇಶನ್ ಎದುರಿನ ಫುಟ್‌ಪಾತ್. ಕೊತ್ತಂಬರಿ ಸೊಪ್ಪು ತರಲು ಹೋಗಿದ್ದೆ. ಜೊತೆಗೆ ಮೊಮ್ಮಗಳು. ಒಬ್ಬ ಬಿದಿರಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ. ಒಳಗೆ ಗುಲಾಬಿ, ಹಸಿರು, ನೇರಳೆ ಬಣ್ಣದ ಹತ್ತಿ ಉಂಡೆಗಳು ಒಂದರ ಮೇಲೊಂದು ಹತ್ತಿ ಚಿಂವ್ ಚಿಂವ್ ಎನ್ನುತ್ತಿದ್ದವು. ಒಂದರ ಕೊಕ್ಕಿಗೂ ನೇರಳೆ ಮೆತ್ತಿತ್ತು, ಹೋಳಿ ಆಡಿ ಮುಖ ತೊಳೆಯದೆ ಡ್ಯೂಟಿಗೆ ಬಂದ ಗುಮಾಸ್ತನ ಹಾಗೆ. ‘ಸಬ್ ಅಂಡಾ ದೇನೇವಾಲಾ ಹೈ ಅಂಕಲ್’ ಎಂದ ಅವನು. ನಾನು ಒಂದನ್ನು ಅಂಗೈಯಲ್ಲಿಟ್ಟು, ತಿರುಗಿಸಿ, ಏನೋ ಕಂಡವನಂತೆ ತಲೆಯಾಡಿಸಿ, ಆರು ಆರಿಸಿದೆ. ಮೊಮ್ಮಗಳು ಕೇಳಿದ್ದು ಒಂದು.

ಬಾಗಿಲು ತೆರೆದ ಹೆಂಡತಿ ಮೊದಲು ಕೇಳಿದ್ದು ‘ಕೊತ್ತಂಬರಿ ಎಲ್ಲಿ?’ ಅಂತ. ಶೂ ಡಬ್ಬದೊಳಗಿನ ಸದ್ದು ಕೇಳಿದ ಮೇಲೆ ಎರಡನೆಯ ಪ್ರಶ್ನೆ: ‘ಹ್ವಾಯ್, ಇದನ್ನೆಲ್ಲ ಇಡುವುದೆಲ್ಲಿ?’

‘ಹಿತ್ತಲಲ್ಲಿ.’

ಹಿತ್ತಲು ಎಂದು ನಾನು ಕರೆಯುವುದನ್ನು ಇವಳು ‘ಗಟಾರದ ಬದಿ’ ಎನ್ನುತ್ತಾಳೆ. ನಮ್ಮದು ನಾಲ್ಕು ಮಾಳಿಗೆಯ ಹಳೆಯ ಬಿಲ್ಡಿಂಗ್, ಮನೆ ತಳಮಹಡಿಯಲ್ಲಿ. ಅಡುಗೆಮನೆಯ ಹಿಂದಿನ ಬಾಗಿಲು ತೆರೆದರೆ ಕಾಂಪೌಂಡ್ ಗೋಡೆಯವರೆಗೆ ಮೂರೂವರೆ ಅಡಿ ಅಗಲ, ಹದಿನಾರು ಅಡಿ ಉದ್ದದ ಒಂದು ಪಟ್ಟಿ. ಲೆಕ್ಕಕ್ಕೆ 56 ಚದರಡಿ. ಅದರಲ್ಲಿ ಡ್ರೈನೇಜ್ ಚೇಂಬರಿನ ಎರಡು ಮುಚ್ಚಳ, ನೀರಿನ ಪಂಪಿನ ಗೂಡು, ಇವಳ ತುಳಸಿ, ಕರಿಬೇವು ಕಳೆದರೆ ಉಳಿಯುವುದು ಮೂವತ್ತು. ಆ ಮೂವತ್ತೂ ಕಾಗದದ ಪ್ರಕಾರ ಸೊಸೈಟಿಯದು. ಮನೆಯೊಳಗಿನ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಕೊಳ್ಳುವಾಗ ಏಜೆಂಟ್ ಹೇಳಿದ್ದು ಸೂಪರ್ ಬಿಲ್ಟ್‌ಅಪ್ 610, ನಾನೇ ಟೇಪು ಹಿಡಿದು ಅಳೆದಾಗ ಸಿಕ್ಕ ಕಾರ್ಪೆಟ್ 380. ಆ ಎರಡರ ನಡುವಿನ 230 ಚದರಡಿ ಎಲ್ಲಿದೆಯೆಂದು ಮೂವತ್ತು ವರ್ಷದಿಂದ ಹುಡುಕುತ್ತಿದ್ದೇನೆ. ಸಿಕ್ಕಿದ್ದರೆ ಕೋಳಿಗಳನ್ನು ಅಲ್ಲೇ ಇಡುತ್ತಿದ್ದೆ.

ನಾನು ಹೆದರದಿರಲು ಕಾರಣವಿತ್ತು. ನಾನು ಕೋಳಿ ಸಾಲ ಕೊಟ್ಟವನು. 1980ರ ದಶಕದಲ್ಲಿ ಐಆರ್‌ಡಿಪಿ ಎಂಬ ಸರಕಾರಿ ಯೋಜನೆಯಡಿ ಬ್ಯಾಂಕುಗಳು ಎಮ್ಮೆ, ಕುರಿ, ಕೋಳಿಗೆಲ್ಲ ಸಾಲ ಹಂಚುತ್ತಿದ್ದ ಕಾಲ. ಆಗಿನ ಧಾರವಾಡ ಜಿಲ್ಲೆಯ ಹಾವೇರಿ ಕಡೆಯ ಒಂದು ಹಳ್ಳಿ ಶಾಖೆಯಲ್ಲಿ ಕೂತು ‘ಹಕ್ಕಿಯೊಂದಕ್ಕೆ ಎರಡು ಚದರಡಿ’ ಎಂದು ಅದೆಷ್ಟು ಅರ್ಜಿಗಳಲ್ಲಿ ನನ್ನ ಕೋಳಿಕಾಲಿನ ಅಕ್ಷರದಲ್ಲಿ ಬರೆದೆನೋ ಲೆಕ್ಕವಿಲ್ಲ. ಹೊಟ್ಟು ಹಾಸಿ ಮೊಟ್ಟೆಕೋಳಿ ಸಾಕುವ ಪದ್ಧತಿಗೆ ಇದು ಇಂದಿಗೂ ಸರಿಯಾದ ಲೆಕ್ಕವೇ. ಮಾಂಸದ ಕೋಳಿಗಾದರೆ ಒಂದು ಚದರಡಿ ಸಾಕು, ಅದಕ್ಕೆ ಆಯುಷ್ಯವೂ ಆರು ವಾರ. ಆದರೆ ನಾನು ಬರೆದದ್ದು ಮಾತ್ರ, ಕೋಳಿಯನ್ನು ಮುಟ್ಟಿದ್ದಿಲ್ಲ. ತಪಾಸಣೆಗೆ ಹೋದಾಗ ಎರಡು ಶೆಡ್ಡುಗಳಲ್ಲಿ ಐವತ್ತೈವತ್ತು ಎಣಿಸಿ ಟಿಕ್ ಹಾಕಿದ್ದೆ. ನಾನು ಚಹಾ ಕುಡಿಯುವಷ್ಟರಲ್ಲಿ ಮೊದಲ ಶೆಡ್ಡಿನ ಕೋಳಿಗಳೇ ಗೋಣಿಚೀಲದಲ್ಲಿ ಎರಡನೆಯ ಶೆಡ್ಡಿಗೆ ಬಂದಿದ್ದವು ಎಂದು ವರ್ಗವಾಗಿ ಹೋಗುವ ದಿನ ಜವಾನ ಹೇಳಿದ. ಮೂರು ವರ್ಷ ಗುಟ್ಟು ಕಾಪಾಡಿದ್ದ, ಪುಣ್ಯಾತ್ಮ.

ಆ ರಾತ್ರಿ ಊಟದ ಮೇಜಿನ ಮೇಲೆ ಕಾಗದ ಹರಡಿದೆ. ಎರಡು ಚದರಡಿ ಎನ್ನುವುದು ಬ್ಯಾಂಕಿನ ಲೆಕ್ಕ. ಮನೆಯ ಹಿಂದೆ ನಾಲ್ಕಾರು ಕೋಳಿ ಪ್ರೀತಿಯಿಂದ ಸಾಕುವವರ ಲೆಕ್ಕ ಬೇರೆ. ಅವರು ರಾತ್ರಿ ಮಲಗುವ ಗೂಡಿನಲ್ಲಿ ತಲೆಗೆ ನಾಲ್ಕು ಚದರಡಿ, ಹಗಲು ಓಡಾಡಲು ಬಲೆ ಕಟ್ಟಿದ ಅಂಗಳದಲ್ಲಿ ಎಂಟರಿಂದ ಹತ್ತು ಕೊಡಬೇಕೆನ್ನುತ್ತಾರೆ. ಕೂರುವ ಕೋಲಿನಲ್ಲಿ ಒಂದಕ್ಕೆ ಎಂಟು-ಹತ್ತು ಇಂಚು. ಮೊಟ್ಟೆ ಇಡಲು ಅಡಿ ಅಗಲ, ಅಡಿ ಎತ್ತರದ ಪೆಟ್ಟಿಗೆ, ನಾಲ್ಕೈದು ಹೇಂಟೆಗೆ ಒಂದು. ಆರು ಹಕ್ಕಿಗೆ ಎಲ್ಲ ಸೇರಿ 84 ಚದರಡಿಯವರೆಗೆ. ನಾನು ಗುಣಿಸಿದ್ದನ್ನು ಸೊಸೆ ಭುಜದ ಮೇಲಿಂದ ನೋಡಿ, ‘ಮಾವ, ನಮ್ಮ ಮನೆಯಲ್ಲಿ ತಲೆಗೆ 76’ ಎಂದಳು. 380ನ್ನು ಐವರಿಗೆ ಭಾಗಿಸಿದ್ದಳು. ಅದರಲ್ಲಿ ಫ್ರಿಜ್ಜು, ಗೋದ್ರೆಜ್ ಕಪಾಟು, ಉಪಯೋಗಿಸದ ವ್ಯಾಯಾಮದ ಸೈಕಲ್ಲು ಕಳೆದಿರಲಿಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಜಾಗದ ಲೆಕ್ಕ ಒಮ್ಮೆ ತಲೆಗೆ ಹತ್ತಿದರೆ ಇಳಿಯುವುದಿಲ್ಲ. ನಮ್ಮ ಲೋಕಲ್ ಟ್ರೇನಿನ ತುರುಕಾಟಕ್ಕೆ ರೈಲ್ವೆಯವರೇ ಇಟ್ಟ ಹೆಸರೊಂದಿದೆ, ‘ಸೂಪರ್ ಡೆನ್ಸ್ ಕ್ರಶ್ ಲೋಡ್’. ಅಂದರೆ ಒಂದು ಚದರ ಮೀಟರಿನಲ್ಲಿ ನಿಂತವರು 14ರಿಂದ 16 ಮಂದಿ. ಮೂವತ್ತು ವರ್ಷ ನಾನು ಡೊಂಬಿವಲಿಯಿಂದ ವಿಟಿಗೆ ಆ ಹದಿನಾರರಲ್ಲಿ ಒಬ್ಬನಾಗಿ ಹೋಗಿ ಬಂದವನು. ಹಾಗಾದರೆ ನನಗೆಷ್ಟು ಸಿಕ್ಕಿತ್ತು? ಚದರ ಮೀಟರಿನ ಹದಿನಾರನೆಯ ಒಂದು ಪಾಲು. ಥಟ್ಟನೆ ಹೊಳೆಯಿತು: ಎ-4 ಕಾಗದದ ಅಳತೆಯೂ ಅದೇ! ಎ-ಸೊನ್ನೆ ಎಂಬ ಹಾಳೆ ಸರಿಯಾಗಿ ಒಂದು ಚದರ ಮೀಟರ್, ಅದನ್ನು ನಾಲ್ಕು ಸಲ ಮಡಿಸಿದರೆ ಎ-4. ಅಂದರೆ ನನ್ನ ನೌಕರಿಯ ಬೆಳಗು-ಸಂಜೆಗಳು ಒಂದು ಜೆರಾಕ್ಸ್ ಹಾಳೆಯ ಮೇಲೆ ಕಳೆದಿದ್ದವು.

ನಂಬಿಕೆ ಬರಲಿಲ್ಲ. ಪ್ರಿಂಟರಿನಿಂದ ಒಂದು ಹಾಳೆ ಎಳೆದು ಹಾಲಿನ ನೆಲದ ಮೇಲಿಟ್ಟು ಅದರ ಮೇಲೆ ನಿಂತೆ. ಹಿಮ್ಮಡಿ ಎರಡೂ ಕೂಡಿಸಿದರೆ ಬೆರಳುಗಳು ಹೊರಗೆ ಚಾಚುತ್ತಿದ್ದವು. ಬ್ಯಾಗು ಎದೆಗವಚಿಕೊಂಡು, ಹಿಡಿಕೆ ಹಿಡಿದಂತೆ ಕೈ ಮೇಲೆತ್ತಿ, ಹೊಟ್ಟೆ ಒಳಗೆಳೆದಾಗ, ಹೌದು, ಅದೇ ಜಾಗ. ದೇಹಕ್ಕೆ ಗುರುತು ಸಿಕ್ಕಿತು. ಕುರ್ಲಾ ಬರುವಾಗ ಬಲಕ್ಕೆ ವಾಲುವ ಚಟವೂ ನೆನಪಾಗಿ ಕಣ್ಣುಮುಚ್ಚಿ ವಾಲಿದೆ. ಕಣ್ಣು ಬಿಟ್ಟರೆ ಇವಳು ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ರಾತ್ರಿ ಹನ್ನೊಂದೂವರೆ.

‘ಕೋಳಿಗೆ ಇಂಥ ಮೂರು ಹಾಳೆ ಬೇಕು’ ಎಂದೆ, ಕೈ ಇಳಿಸದೆ. ‘ಯುರೋಪಿನಲ್ಲಿ 2012ರಿಂದ ಪಂಜರದ ಕೋಳಿಗೂ 750 ಚದರ ಸೆಂಟಿಮೀಟರ್ ಕೊಡಲೇಬೇಕು ಅಂತ ಕಾನೂನು. ಇದು ಬರೀ 624.’

‘ಮಲಗಿ ಮಾರಾಯ್ರೆ’ ಎಂದಳು. ಆಮೇಲೆ ಒಳಗಿನಿಂದ, ‘ಲೇಡೀಸ್ ಡಬ್ಬಾದಲ್ಲಿ ಇದೂ ಸಿಗುವುದಿಲ್ಲ.’

ಮರಿಗಳು ಮೊದಲ ತಿಂಗಳು ಕಳೆದದ್ದು ಟಿವಿಯ ರಟ್ಟಿನ ಡಬ್ಬದಲ್ಲಿ, ಊಟದ ಮೇಜಿನ ಕೆಳಗೆ. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಶಾಖ ಕೊಡಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು ಎಂಬುದು ಶಾಸ್ತ್ರ. ನಾನು 60 ವ್ಯಾಟಿನ ಬಲ್ಬು ಇಳಿಬಿಟ್ಟೆ. ಅಕ್ಟೋಬರಿನ ಡೊಂಬಿವಲಿಗೆ ಬಲ್ಬು ಬೇಕಿರಲಿಲ್ಲ, ಹಗಲು ಹೊತ್ತು ನಮಗೇ ಅಷ್ಟು ಶಾಖವಿತ್ತು. ಮರಿಗಳು ಬಲ್ಬಿನಿಂದ ದೂರ, ಮೂಲೆಗೆ ಒತ್ತಿ ಬಾಯಿ ತೆರೆದು ನಿಂತಾಗ ನಾನು ‘ನೋಡು, ಎಷ್ಟು ಒಗ್ಗಟ್ಟು’ ಎಂದೆ. ಬಲ್ಬು ಆರಿಸಿದವಳು ಮೊಮ್ಮಗಳು.

ಆರರಲ್ಲಿ ಎರಡು ಮೂರನೆಯ ದಿನವೇ ಹೋದವು. ಬಣ್ಣ ಹಾಕಿ ಫುಟ್‌ಪಾತಿನಲ್ಲಿ ಮಾರುವ ಮರಿಗಳ ಹಣೆಬರಹವೇ ಅಷ್ಟು. ಮೊಮ್ಮಗಳು ಅತ್ತಳು. ನಾನು ಬ್ಯಾಂಕಿನ ಭಾಷೆಯಲ್ಲಿ ‘ರೈಟ್ ಆಫ್’ ಎಂದು ಸಮಾಧಾನ ಹೇಳಿದೆ. ಉಳಿದ ನಾಲ್ಕಕ್ಕೆ ಹೆಸರಿಡುವ ಹೊಣೆಯೂ ಬಂತು. ನಾಲ್ಕು ಎಂದ ಕೂಡಲೇ ಬ್ಯಾಂಕಿನವನಿಗೆ ಬೇರೇನು ಹೊಳೆದೀತು? ಸಾಲಗಳನ್ನು ನಾವು ವಿಂಗಡಿಸುತ್ತಿದ್ದ ಕ್ರಮದಲ್ಲೇ ಇಟ್ಟೆ: ಸ್ಟ್ಯಾಂಡರ್ಡ್, ಸಬ್‌ಸ್ಟ್ಯಾಂಡರ್ಡ್, ಡೌಟ್‌ಫುಲ್, ಲಾಸ್. ನೇರಳೆ ಕೊಕ್ಕಿನವನೇ ಲಾಸ್. ಅವನು ಮೊದಲಿನಿಂದಲೂ ಉಳಿದವರ ಕಾಳು ಕಸಿದು ತಿನ್ನುತ್ತಿದ್ದ, ಹೆಸರಿಗೆ ತಕ್ಕಂತೆ.

ರಾಣಿಖೇತ್ ರೋಗಕ್ಕೆ ಲಸಿಕೆ ಹಾಕಿಸಬೇಕೆಂದು ನನ್ನ ಹಳೆಯ ಫೈಲುಗಳ ನೆನಪು ಹೇಳಿತು. ಉತ್ತರಾಖಂಡದ ಅಷ್ಟು ಚಂದದ ಗಿರಿಧಾಮದ ಹೆಸರು ಕೋಳಿರೋಗಕ್ಕೆ ಬಿದ್ದದ್ದು ನೋಡಿ ಪಾಪ ಎನಿಸುತ್ತದೆ. ಮರಿ ವಾರದ್ದಾಗುವಾಗ ಕಣ್ಣಿಗೆ ಒಂದೊಂದು ಹನಿ ಲಾಸೋಟ, ಅಷ್ಟೇ ಕೆಲಸ. ಆದರೆ ಸೀಸೆಯಲ್ಲಿರುವುದು ನೂರು ಕೋಳಿಯ ಮದ್ದು. ನೀರು ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ನಾಲ್ಕು ಮರಿಗೆ ನಾಲ್ಕು ಹನಿ ಹಾಕಿ ಉಳಿದ ತೊಂಬತ್ತಾರನ್ನು ಕೈಯಲ್ಲಿ ಹಿಡಿದು ಬಿಲ್ಡಿಂಗಿನ ಎಲ್ಲ ಬಾಗಿಲುಗಳನ್ನು ಯೋಚಿಸಿದೆ. ಇನ್ನಾರೂ ಕೋಳಿ ಸಾಕಿರಲಿಲ್ಲ. ನಮ್ಮ ಮನೆಯಲ್ಲೂ ಇದೆಯೆಂದು ಆವರೆಗೆ ಯಾರಿಗೂ ಗೊತ್ತಿರಲಿಲ್ಲ.

ಗೂಡು ಮಾಡಲು ಬಡಗಿಯನ್ನು ಕರೆಸಿದೆ. ಅವನು ಪಟ್ಟಿಯನ್ನು ನೋಡಿ, ನನ್ನ ನಕ್ಷೆಯನ್ನು ನೋಡಿ, ಬೀಡಿ ಹಚ್ಚಿದ. ನಕ್ಷೆಯಲ್ಲಿ ನಾಲ್ಕಡಿ ಉದ್ದ, ಮೂರಡಿ ಅಗಲದ ಗೂಡಿತ್ತು. ಹನ್ನೆರಡು ಚದರಡಿ, ಅಂದರೆ ಈಗ ತಲೆಗೆ ಮೂರು. ಓಡಾಡುವ ಅಂಗಳಕ್ಕೆ ಜಾಗ ಸಾಲದೆ ಗೂಡನ್ನು ಎರಡಡಿ ಎತ್ತರದ ಕಾಲುಗಳ ಮೇಲೆ ನಿಲ್ಲಿಸಿ ಕೆಳಗಿನ ನೆಲವನ್ನೂ ಬಳಸುವ ಉಪಾಯ ಮಾಡಿದ್ದೆ. ‘ಸೇಠ್, ಯೇ ತೋ ಸ್ಟಿಲ್ಟ್ ಪ್ಲಸ್ ವನ್ ಹೋ ಗಯಾ’ ಎಂದ. ಪಾರ್ಕಿಂಗ್ ಯಾರಿಗೆ ಎಂದೂ ಕೇಳಿದ. ಹೆಗ್ಗಣ ಬಿಲ ತೋಡದಂತೆ ಜಾಳಿಗೆಯನ್ನು ನೆಲದೊಳಗೆ ಒಂದಡಿ ಹೂಳಬೇಕೆಂದು ನಾನು ಹೇಳಿದರೆ, ಅರ್ಧ ಅಡಿಗೇ ಡ್ರೈನೇಜ್ ಪೈಪು ಸಿಕ್ಕಿತು. ಎಲ್ಲ ಸೇರಿ 4,200 ರೂಪಾಯಿ. ಮೊಟ್ಟೆಗೆ ಆರು ರೂಪಾಯಿಯಂತೆ 700 ಮೊಟ್ಟೆ ಬಂದರೆ ಅಸಲು ಹುಟ್ಟುತ್ತದೆ ಎಂದು ಇವಳಿಗೆ ಮರುಪಾವತಿಯ ಪಟ್ಟಿ ಬರೆದುಕೊಟ್ಟೆ. ಪಟ್ಟಿಯನ್ನು ಅವಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅದು ಗೌರವದಿಂದ ಎಂದುಕೊಂಡೆ.

ಡಿಸೆಂಬರಿನ ಮೊದಲ ದಿನವೇ ಕಾಲವಲ್ಲದ ಕಾಲದಲ್ಲಿ ಧೋ ಎಂದು ಮಳೆ ಹೊಯ್ದಿತು. ಗೂಡಿಗೆ ಹಾಸಿದ್ದ ಮರದ ಹೊಟ್ಟು ಒದ್ದೆಯಾಗಿ, ಸಂಜೆಗೆ ಅಮೋನಿಯಾದ ಘಾಟು ಎದ್ದಿತು. ಆ ಘಾಟಿನ ಎದುರು ಯಾವ ಚದರಡಿಯ ಲೆಕ್ಕವೂ ನಿಲ್ಲುವುದಿಲ್ಲ ಎಂಬುದು ನಾನು ಬರೆದ ಯಾವ ಅರ್ಜಿಯಲ್ಲೂ ಇರಲಿಲ್ಲ. ಹೊಟ್ಟು ಒಣಗಿದ್ದು, ಗಾಳಿಯಾಡುತ್ತಿದ್ದರೆ ಎರಡು ಚದರಡಿಯೂ ಅರಮನೆ. ಒದ್ದೆಯಾದರೆ ಇಪ್ಪತ್ತೂ ಸಾಲದು, ಕೋಳಿಗೂ ರೋಗ, ಸಾಕಿದವನಿಗೂ ಶಾಪ. ಎರಡನೇ ಮಾಳಿಗೆಯವರು ಗ್ಯಾಸ್ ಲೀಕ್ ಎಂದು ಕಿಟಕಿಗಳನ್ನೆಲ್ಲ ತೆರೆದರು. ನಾನು ಅವರ ಜೊತೆ ನಿಂತು ಮೂಗು ಮುಚ್ಚಿಕೊಂಡು ‘ಎಲ್ಲಿಂದ ಬರುತ್ತಿದೆಯೋ’ ಎಂದೆ. ನಂತರ ರಾತ್ರಿ ಟಾರ್ಚು ಹಿಡಿದು ಒದ್ದೆ ಹೊಟ್ಟನ್ನು ಬಕೆಟಿಗೆ ತುಂಬಿದೆ. ಕೂರುವ ಕೋಲಿನ ಮೇಲೆ ನಾಲ್ವರೂ ಸಾಲಾಗಿ, ಒಂದು ಕಣ್ಣು ಮುಚ್ಚಿ ಒಂದು ಕಣ್ಣು ತೆರೆದು, ನನ್ನನ್ನು ನೋಡುತ್ತಿದ್ದರು. ಆಡಿಟರುಗಳು ಹಾಗೆ ನೋಡುವುದನ್ನು ಕಂಡಿದ್ದೆ. ಅಷ್ಟು ಹೊತ್ತಿಗೆ ಬಣ್ಣವೆಲ್ಲ ಉದುರಿ ಮೈತುಂಬ ಬಿಳಿ ಗರಿ ಬಂದಿತ್ತು. ಲಾಸ್‌ನನ್ನು ಗುರುತಿಸಲು ಈಗ ಸ್ವಭಾವವೊಂದೇ ದಾರಿ.

ಜನವರಿಯಲ್ಲಿ ಅಮ್ಮನಿಗೆ ವೀಡಿಯೋ ಕಾಲ್ ಮಾಡಿ ಗೂಡು ತೋರಿಸಿದೆ. ಎಂಬತ್ತನಾಲ್ಕರ ಅವಳು ಕನ್ನಡಕ ಏರಿಸಿಕೊಂಡು ನೋಡಿದಳು. ಮೊಟ್ಟೆಯ ಪೆಟ್ಟಿಗೆ, ಕೋಲು, ಸ್ಟಿಲ್ಟು, ಎಲ್ಲವನ್ನೂ ವಿವರಿಸಿದೆ. ತಿಂಗಳೊಪ್ಪತ್ತಿನಲ್ಲಿ ಮೊಟ್ಟೆ ಶುರು, ಅಂದೆ.

‘ಮಗಾ, ಜುಟ್ಟು ಕಾಣ್. ಬಾಲ ಕಾಣ್’ ಎಂದಳು. ‘ನಾಕೂ ಹುಂಜ.’

‘ನಾಲ್ಕೂ?’

‘ಒಂದೂ ಹೇಂಟೆ ಇಲ್ಲೆ. ಬ್ಯಾಂಕಲ್ ಕೋಳಿ ಸಾಲ ಕೊಟ್ಟದ್ದ್ ನೀನೇ ಅಲ್ದಾ?’

ಫೋನಿನಾಚೆ ಅಕ್ಕಪಕ್ಕದವರೂ ಇದ್ದರೆಂದು ಕಾಣುತ್ತದೆ, ನಗು ಒಬ್ಬರದ್ದಾಗಿರಲಿಲ್ಲ. ವಿಷಯ ಸರಳ. ಮೊಟ್ಟೆಕೋಳಿಯ ಹ್ಯಾಚರಿಗಳಲ್ಲಿ ಗಂಡುಮರಿಗೆ ಬೆಲೆಯಿಲ್ಲ, ಮೊಟ್ಟೆಯಿಡುವುದಿಲ್ಲ, ಮಾಂಸವೂ ಬೇಗ ತುಂಬುವುದಿಲ್ಲ. ಹೊರಬಿದ್ದ ದಿನವೇ ಬೇರ್ಪಡಿಸುತ್ತಾರೆ. ಅವುಗಳಲ್ಲೇ ಕೆಲವು ಬಣ್ಣ ಹಚ್ಚಿಕೊಂಡು ಫುಟ್‌ಪಾತಿಗೆ ಬರುತ್ತವೆ, ನನ್ನಂಥ ತಜ್ಞರಿಗಾಗಿ. ಎರಡು ಚದರಡಿ, ನಾಲ್ಕು ಚದರಡಿ ಎಂದು ನಾನು ಹಾಕಿದ ಲೆಕ್ಕವೆಲ್ಲ ಹೇಂಟೆಗಳದು. ಎಂಟು-ಹತ್ತು ಹೇಂಟೆಗೆ ಒಂದು ಹುಂಜ ಎನ್ನುವುದು ಊರಿನ ನಿಯಮ. ಒಂದೂ ಹೇಂಟೆ ಇಲ್ಲದ ನಾಲ್ಕು ಹುಂಜಗಳಿಗೆ ಎಷ್ಟು ಜಾಗ ಬೇಕು? ನನ್ನ ಅನುಭವದಲ್ಲಿ ತಲೆಗೊಂದು ತಾಲೂಕು.

ಅಂದಿನಿಂದ ಹಿತ್ತಲಲ್ಲಿ ದಿನವೂ ಕೋಳಿಅಂಕ. ಸ್ಟ್ಯಾಂಡರ್ಡ್ ಸ್ಟಿಲ್ಟಿನ ಕೆಳಗೆ ಗಡಿ ಹಾಕಿಕೊಂಡ. ಡೌಟ್‌ಫುಲ್ ಮೊಟ್ಟೆಯ ಪೆಟ್ಟಿಗೆಯೊಳಗೆ ಅವಿತು ಕೂತ, ಆ ಪೆಟ್ಟಿಗೆಗೆ ಬಂದ ಏಕೈಕ ಗಿರಾಕಿ ಅವನೇ. ಫೆಬ್ರವರಿಯ ಒಂದು ಬೆಳಗಿನ ಜಾವ ನಾಲ್ಕೂವರೆಗೆ ಲಾಸ್ ಮೊದಲ ಸಲ ಕೂಗಿದ. ಕೂಗು ಪೂರ್ತಿ ಬರಲಿಲ್ಲ, ಗಂಟಲು ಒಡೆಯುತ್ತಿದ್ದ ಹುಡುಗನ ಹಾಗೆ ನಡುವೆ ಮುರಿಯಿತು. ಉಳಿದ ಮೂವರು ಅದನ್ನು ತಿದ್ದಲು ಹೊರಟರು. ನನ್ನದು ಮೊದಲೇ ಕೋಳಿನಿದ್ದೆ. ನಾಲ್ಕನೆಯ ಮಾಳಿಗೆಯವರೆಗೆ ಒಂದೊಂದೇ ದೀಪ ಹತ್ತಿದ್ದು ಕಾಂಪೌಂಡ್ ಗೋಡೆಯ ಮೇಲೆ ಕಾಣಿಸಿತು.

ಅದೇ ತಿಂಗಳು ನಮ್ಮ ಥಾಣೆ ಜಿಲ್ಲೆಯ ಶಹಾಪುರ ತಾಲೂಕಿನ ವೆಹಳೋಲಿ ಎಂಬ ಹಳ್ಳಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ಒಂದು ಫಾರ್ಮಿನಲ್ಲಿ ನೂರರಷ್ಟು ಕೋಳಿ ಸತ್ತು, ಸುತ್ತಲಿನ ಸುಮಾರು 25 ಸಾವಿರ ಕೋಳಿಗಳನ್ನು ಕೊಲ್ಲುವ ಆದೇಶವಾಯಿತು. ಪೇಪರು ಓದಿದ ಸೊಸೈಟಿ ಭಾನುವಾರ ಮೀಟಿಂಗ್ ಕರೆಯಿತು. ಅಜೆಂಡಾದಲ್ಲಿ ನೀರಿನ ಟ್ಯಾಂಕ್, ಲಿಫ್ಟ್ ಮತ್ತು ನಾನು. ನಾನು ಶೆಟ್ಟಿ ಅಲ್ಲ, ಆದರೂ ಬಿಲ್ಡಿಂಗಿನಲ್ಲಿ ನನಗೆ ‘ಶೆಟ್ಟಿಸಾಹೇಬ್’ ಎಂದೇ ಹೆಸರು, ದಕ್ಷಿಣದಿಂದ ಬಂದವನಿಗೆ ಅದು ಇಲ್ಲಿ ಪದವಿ. ‘ಶೆಟ್ಟಿಸಾಹೇಬ್, ಕೋಂಬಡೆ ಕಿತೀ?’ ಎಂದರು ಸೆಕ್ರೆಟರಿ. ಎಷ್ಟು ಕೋಳಿ ಎಂಬ ಪ್ರಶ್ನೆಗೆ ನಾಲ್ಕು ಎಂದು ಹೇಳಿ ಕೂರಬೇಕಾದವನು ನಾನು ಸಿದ್ಧ ಭಾಷಣ ತೆಗೆದೆ. 2019ರಲ್ಲಿ ಫ್ರಾನ್ಸಿನ ಓಲೆರಾನ್ ದ್ವೀಪದಲ್ಲಿ ಮೋರಿಸ್ ಎಂಬ ಹುಂಜದ ಕೂಗಿನ ಮೇಲೆ ನೆರೆಯವರು ಕೋರ್ಟಿಗೆ ಹೋಗಿದ್ದು, ಕೋರ್ಟು ಹುಂಜದ ಪರ ತೀರ್ಪು ಕೊಟ್ಟಿದ್ದು, ಆಮೇಲೆ 2021ರಲ್ಲಿ ಹಳ್ಳಿಯ ಸದ್ದು-ವಾಸನೆಗಳನ್ನು ಕಾಪಾಡಲು ಅಲ್ಲಿ ಕಾನೂನೇ ಬಂದದ್ದು, ಎಲ್ಲವನ್ನೂ ಹೇಳಿದೆ. ಸೆಕ್ರೆಟರಿ ತಾಳ್ಮೆಯಿಂದ ಕೇಳಿ, ‘ಕಾನೂನು ಹಳ್ಳಿಯದು ಅಂದಿರಿ. ಡೊಂಬಿವಲಿ ಹಳ್ಳಿ ಅಂತ ಬರೆದುಕೊಡುತ್ತೀರಾ? ಎಲ್ಲರ ಫ್ಲ್ಯಾಟಿನ ರೇಟು ಇಳಿಯುತ್ತದೆ’ ಎಂದರು. ನನ್ನ ಪರ ಎದ್ದಿದ್ದ ಒಂದು ಕೈಯೂ ಇಳಿಯಿತು. ಅದು ನನ್ನ ಮಗನ ಕೈ.

ಮಾರ್ಚ್ ಕೊನೆಗೆ ಜ್ವರದ ಗಾಬರಿ ಇಳಿದ ಮೇಲೆ ವಿಲೇವಾರಿ. ಸ್ಟ್ಯಾಂಡರ್ಡ್ ನಮ್ಮ ವಾಚ್‌ಮನ್ನನ ಜೊತೆ ಮುರ್ಬಾಡ್ ಕಡೆಯ ಅವನ ಹಳ್ಳಿಗೆ ಹೋದ. ಸಬ್‌ಸ್ಟ್ಯಾಂಡರ್ಡ್‌ನನ್ನು ಕಲ್ಯಾಣದ ತಬೇಲಾದ ಹಾಲಿನವನು ಒಯ್ದ, ಎಮ್ಮೆಗಳ ಉಣ್ಣಿ ಹೆಕ್ಕುತ್ತಾನೆ ಎಂದು. ಡೌಟ್‌ಫುಲ್‌ನ ಬಗ್ಗೆ ನಾನು ಇನ್ನೂ ಯೋಚಿಸುತ್ತಿದ್ದೆ. ಒಂದು ಶನಿವಾರ ವಾಕಿಂಗ್ ಮುಗಿಸಿ ಬಂದರೆ ಮನೆಯಲ್ಲಿ ಹುರಿದ ಮೆಣಸು, ಕೊತ್ತಂಬರಿ ಬೀಜದ ಪರಿಮಳ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ನನ್ನನ್ನೂ ಕೇಳಿರಲಿಲ್ಲ. ನಾನು ಆ ದಿನ ಮೊಸರನ್ನ ಉಂಡೆ. ರೊಟ್ಟಿಗೆ ಬರೀ ಸಾರು ಮಾತ್ರ ಸ್ವಲ್ಪ ಹಾಕಿಸಿಕೊಂಡೆ, ರೊಟ್ಟಿ ಒಣಗಿತ್ತು ಎಂಬ ಕಾರಣಕ್ಕೆ. ಫ್ರಿಜ್ಜಿನ ಬಾಗಿಲಿನ ಮರುಪಾವತಿ ಪಟ್ಟಿಯಲ್ಲಿ ಇವಳು ಪೆನ್ಸಿಲಿನಿಂದ ‘ಮೊದಲ ಕಂತು ಜಮಾ’ ಎಂದು ಬರೆದಿದ್ದಳು.

ಉಳಿದವನು ಲಾಸ್. ಅವನಿಗೆ ನವಿಮುಂಬಯಿಯ ಬೇಲಾಪುರದಲ್ಲಿ ಜಾಗ ಸಿಕ್ಕಿತು, ನನ್ನ ಭಾವನ ಮನೆಯಲ್ಲಿ. ಅಲ್ಲಿನ ಆರ್ಟಿಸ್ಟ್ಸ್ ವಿಲೇಜ್ ಎಂಬ ಬಡಾವಣೆಯನ್ನು 1980ರ ದಶಕದಲ್ಲಿ ಚಾರ್ಲ್ಸ್ ಕೊರಿಯಾ ಎಂಬ ದೊಡ್ಡ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ್ದು. 45 ಚದರ ಮೀಟರಿನಷ್ಟು ಸಣ್ಣ ನಿವೇಶನಗಳು, ಆದರೆ ಪ್ರತಿ ಮನೆಗೂ ಆಕಾಶ ಕಾಣುವ ತನ್ನದೇ ತೆರೆದ ಜಾಗ, ಏಳೇಳು ಮನೆಗಳ ನಡುವೆ ಎಂಟು ಮೀಟರ್ ಉದ್ದಗಲದ ಒಂದು ಹಂಚಿಕೆಯ ಅಂಗಳ. ಅಂದರೆ ಆ ಒಂದು ಅಂಗಳವೇ 689 ಚದರಡಿ. ನನ್ನ ಫ್ಲ್ಯಾಟು, ಸೂಪರ್ ಬಿಲ್ಟ್‌ಅಪ್ಪಿನ ಸುಳ್ಳನ್ನೂ ಸೇರಿಸಿ, ಅದಕ್ಕಿಂತ ಸಣ್ಣದು. ಭಾವನಿಗೆ ಹೇಂಟೆಗಳೂ ಇದ್ದವು, ಬೆಂಗಳೂರು ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ತಯಾರಿಸಿದ ಗಿರಿರಾಜ ತಳಿಯವು, ಎಂಟು. ಹುಂಜ ಬೆಕ್ಕಿಗೆ ಆಹುತಿಯಾಗಿ ವಾರವಾಗಿತ್ತು.

ಲಾಸ್‌ನನ್ನು ಬುಟ್ಟಿಯಲ್ಲಿಟ್ಟು, ಮೇಲೊಂದು ಬುಟ್ಟಿ ಕವುಚಿ, ಸುತ್ತ ಹಗ್ಗ ಕಟ್ಟಿ, ಬೆಳಗಿನ ಹತ್ತರ ಲೋಕಲ್ಲಿನ ಮಾಲ್ ಡಬ್ಬಾ ಹತ್ತಿದೆ. ಅಲ್ಲಿ ತರಕಾರಿ ಮೂಟೆ, ಹಾಲಿನ ಕ್ಯಾನು, ಮೀನಿನ ಟೋಪ್ಲಿ. ಬುಟ್ಟಿಯನ್ನು ನೆಲದ ಮೇಲಿಟ್ಟು ಪಕ್ಕದಲ್ಲಿ ನಾನು ನಿಂತೆ. ಠಾಕುರ್ಲಿಯಿಂದ ಬಂದ ಜನವೇ ಸಾಕಿತ್ತು, ಕೋಪರ್‌ನಲ್ಲಿ ಇನ್ನಷ್ಟು, ದಿವಾದಲ್ಲಿ ಉಸಿರಾಟವೂ ಪಾಳಿಯ ಮೇಲೆ. ಕೆಳಗೆ ನೋಡಿದೆ. ಬುಟ್ಟಿಯ ಅಡ್ಡಳತೆ ಹತ್ತೊಂಬತ್ತು ಇಂಚು, ಮನೆಯಲ್ಲೇ ಅಳೆದಿದ್ದೆ, ಎರಡು ಚದರಡಿಗೆ ಒಂದು ಕೂದಲು ಕಡಿಮೆ. ನನ್ನ ಎರಡು ಪಾದಗಳು ಒಂದರ ಮೇಲೊಂದಿದ್ದವು. ಲಾಸ್ ಒಳಗೆ ಒಂದು ಸುತ್ತು ತಿರುಗಿ, ರೆಕ್ಕೆ ಬಡಿದು, ಆರಾಮಾಗಿ ಕೂತ ಸದ್ದು ಕೇಳಿಸಿತು.

ಎದುರಿಗೆ ಟೋಪ್ಲಿ ಹಿಡಿದಿದ್ದ ಹಿರಿಯ ಕೋಳೀಣ್ ಬಾಯಿ, ಹಸಿರು ಲುಗಡೆ ಗಟ್ಟಿಯಾಗಿ ಕಚ್ಚೆ ಹಾಕಿದವಳು, ಬುಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು.

‘ಏಕಾ ಕೋಂಬಡ್ಯಾಲಾ ಏವ್ಢೀ ಜಾಗಾ?’

ಒಂದು ಹುಂಜಕ್ಕೆ ಇಷ್ಟು ಜಾಗವಾ? ಅರ್ಧ ವರ್ಷ ನಾನು ಯಾರಾದರೂ ಕೇಳಲಿ ಎಂದು ಕಾದಿದ್ದ ಪ್ರಶ್ನೆ! ಎರಡು ಚದರಡಿ, ನಾಲ್ಕು, ಎಂಟರಿಂದ ಹತ್ತು, ಕೂರುವ ಕೋಲು, ಎಲ್ಲವೂ ನಾಲಿಗೆಯ ತುದಿಗೆ ಬಂತು. ನನ್ನ ಬ್ಯಾಂಕ್ ಮರಾಠಿಯಲ್ಲಿ ‘ಬಾಯಿ, ಹೊಟ್ಟು ಹಾಸುವ ಪದ್ಧತಿಯಲ್ಲಾದರೆ’ ಎಂದು ಶುರುಮಾಡಿದೆ. ಅವಳು ಕೇಳಲಿಲ್ಲ. ಬಗ್ಗಿ ನನ್ನ ಬುಟ್ಟಿಯ ತಲೆಯನ್ನೊಮ್ಮೆ ಅದುಮಿ ನೋಡಿ, ಗಟ್ಟಿಯಿದೆ ಎಂದು ಖಾತ್ರಿಯಾದ ಮೇಲೆ, ತನ್ನ ಮೀನಿನ ಟೋಪ್ಲಿಯನ್ನು ಅದರ ಮೇಲಿಟ್ಟು, ಖಾಲಿಯಾದ ಜಾಗದಲ್ಲಿ ಕಾಲು ಚಾಚಿ ಕೂತುಕೊಂಡಳು. ಥಾಣೆ ಬರುವವರೆಗೆ ಬಂಗಡೆಯ ನೀರು ಹನಿಹನಿಯಾಗಿ ಲಾಸ್‌ನ ಮೇಲೆ ಇಳಿಯಿತು. ಅವನು ಒಂದು ಮಾತೂ ಆಡಲಿಲ್ಲ. ಇಳಿಯುವಾಗ ಅವಳು, ಚೆಂದನಿಯಲ್ಲಿ ತಮ್ಮ ಮನೆಯಲ್ಲೂ ಹನ್ನೆರಡು ಕೋಳಿ ಇದ್ದವು, ದೋಣಿಯ ಕೆಳಗೆ ಮಲಗುತ್ತಿದ್ದವು ಎಂದಳು. ಅಂತೂ ಕೋಳಿವಾಡದಲ್ಲಿ ಕೋಳಿ ಇದ್ದವು. 1989ರ ಇನ್‌ಲ್ಯಾಂಡ್ ಲೆಟರಿನಲ್ಲಿ ನಾನು ಬರೆದದ್ದು ಪೂರ್ತಿ ಸುಳ್ಳಾಗಿರಲಿಲ್ಲ.

ಬೇಲಾಪುರದಲ್ಲಿ ಬುಟ್ಟಿ ಬಿಚ್ಚಿದ ಕೂಡಲೇ ಲಾಸ್ ಅಂಗಳಕ್ಕೆ ಹಾರಿ, ಮೈ ಕೊಡವಿ, ಎಂಟು ಹೇಂಟೆಗಳ ನಡುವೆ ನಿಂತು ಕೂಗಿದ. ಈ ಸಲ ಕೂಗು ಎಲ್ಲಿಯೂ ಮುರಿಯಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಹದಿನೈದು ದಿನ ಕಳೆದು ಭಾವನ ಫೋನು ಬಂತು. ಹುಂಜ ಬಹಳ ಜೋರು, ಏಳು ಮನೆಯ ಅಂಗಳವನ್ನೂ ತನ್ನದೆಂದುಕೊಂಡಿದೆ, ಎದುರುಮನೆಯ ಅಜ್ಜನನ್ನು ಕಕ್ಕಸಿಗೆ ಹೋಗಲು ಬಿಡುತ್ತಿಲ್ಲ, ಭಾನುವಾರ ಏಳು ಮನೆಯವರ ಮೀಟಿಂಗ್ ಇದೆ. ‘ನೀವು ಬ್ಯಾಂಕಿನಲ್ಲಿ ಈ ವಿಷಯದಲ್ಲೇ ಇದ್ದವರಲ್ಲವಾ? ಒಂದು ಹುಂಜ, ಎಂಟು ಹೇಂಟೆಗೆ ನಿಯಮದ ಪ್ರಕಾರ ಎಷ್ಟು ಜಾಗ ಬೇಕು ಅಂತ ಒಂದು ಕಾಗದದಲ್ಲಿ ಬರೆದು ಸಹಿ ಮಾಡಿ ಕಳಿಸಿ. ತಜ್ಞರ ಅಭಿಪ್ರಾಯ ಅಂತ ತೋರಿಸುತ್ತೇನೆ.’

ತಜ್ಞರ ಅಭಿಪ್ರಾಯ! ಕನ್ನಡಕ ಒರೆಸಿಕೊಂಡೆ. ಹಿತ್ತಲಿನ ಗೂಡಿನಲ್ಲಿ ಇವಳೀಗ ಈರುಳ್ಳಿ ಬಟಾಟೆ ಇಡುತ್ತಾಳೆ, ಗಾಳಿ ಚೆನ್ನಾಗಿ ಆಡುತ್ತದಂತೆ. ಅಲ್ಲಿಗೆ ಹೋಗಿ ಟೇಪು ಹುಡುಕಿ ತಂದೆ. ಪ್ರಿಂಟರಿನಿಂದ ಒಂದು ಎ-4 ಹಾಳೆ ಎಳೆದೆ.

ಅಡುಗೆಮನೆಯಿಂದ ಇವಳು ಕತ್ತು ಚಾಚಿ ನೋಡಿದಳು.

‘ಹ್ವಾಯ್, ಅದು ಬರೀಲಿಕ್ಕಾ, ನಿಲ್ಲಲಿಕ್ಕಾ?’